ಉಡಿ ತುಂಬಿದ ನೀರು

ಕಾಕಾ,

ಈ ಮಾತನ್ನು ನನಗೆ ಮೊದಲು ಹೇಳಿದವಳು ನಿನ್ನ ಹೆಂಡತಿ, ನನ್ನ ಚಿಗವ್ವ. ನಿನ್ನ ದಿನಕರ್ಮ ಮುಗಿದ ಮರುದಿನ, ಜೋಳ ಹಸನು ಮಾಡುತ್ತ ಹೇಳಿದಳು. ನೀನಿದ್ದಾಗ ನಾವ್ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲವಲ್ಲ...

ಓವರ್‌ಸಿಯರ್ ಸಾಹೇಬರು ತೊರಗಲ್ಲು ಊರಿನ ಕೆಳಗೆ ಹೊಳೆದಂಡೆಯ ನಮ್ಮ ದೋಣಿಗಟ್ಟಿಗೆ ಬಂದ ದಿನ ನೆನಪಿದೆಯೇ? ಪ್ಲೇಗಿಗೆ ಹಳೆಯ ಓಣಿ ಬಿಟ್ಟಿದ್ದೆವು. ಹೊಳೆ ಮುಟ್ಟದ ಕಡೆ ಹೊಸ ಓಣಿ ಕಟ್ಟಬೇಕಿತ್ತು. ದೋಣಿ ನಡೆಸುವ ನೀನು ವರ್ಷಕ್ಕೊಂದರಂತೆ ಬಂಡೆಯ ಮೇಲೆ ಕೊರೆದಿದ್ದ ಹತ್ತೊಂಬತ್ತು ಗೀರುಗಳನ್ನು ಅವರು ಅಳೆದರು.

“ವರ್ಷದಾಗ ಎಲ್ಲಾಕ್ಕಿಂತ ಹೆಚ್ಚಿನ ನೀರು ಇದ ಏನು?”

“ಹೂನ್ರಿ ಸಾಹೇಬ್ರ, ಉಡಿ ತುಂಬಿದ ನೀರ್ರಿ.”

ಪುಣೆ ಕಡೆಯವರು. ಉಡಿ ಎಂದರೇನೆಂದು ತಿಳಿಯದೆ ‘ತುಂಬಿದ ನೀರು’ ಎಂದಷ್ಟೇ ಬರೆದುಕೊಂಡರು.

ಮರುದಿನ ಅವರು ಕಾಗದ ಹಾಸಿದ್ದು ಇನ್ನೂ ಕಣ್ಣ ಮುಂದಿದೆ. ಗೀರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಚುಕ್ಕೆ ಇಟ್ಟು, ನಡುವೆ ಒಂದು ಗೆರೆ ಎಳೆದರು. ಚುಕ್ಕೆಗಳು ಗೆರೆಗೆ ಒಪ್ಪಿದರೆ ಮುಂದೆ ಬರುವ ದೊಡ್ಡ ನೀರನ್ನೂ ಅದರಿಂದಲೇ ಅಂದಾಜು ಮಾಡಬಹುದಂತೆ. ಹದಿನೆಂಟು ಚುಕ್ಕೆ ದಾರಕ್ಕೆ ಪೋಣಿಸಿದ ಹಾಗೆ ಕೂತವು. ಎಲ್ಲಕ್ಕಿಂತ ಮೇಲಿನದು, ನೀನು ಮೊದಲ ವರ್ಷ ಕೊರೆದದ್ದು, ಎಲ್ಲೋ ದೂರ ನಿಂತಿತು. “ಇದು ತಪ್ಪು ಗೀರು” ಎಂದು ಅದನ್ನು ಬಿಟ್ಟು, ಅದಕ್ಕಿಂತ ಕೆಳಗೇ ಹೊಸ ಮನೆಗಳ ಗೂಟ ಹೊಡೆಸಿದರು. ನಿಮ್ಮಿಬ್ಬರನ್ನು ಬಿಟ್ಟರೆ ಆ ನೀರು ಕಂಡ ಹಿರಿಯರೆಲ್ಲ ಪ್ಲೇಗಿನಲ್ಲಿ ಹೋಗಿದ್ದರು.

“ಭೀಮಣ್ಣಾ, ಆ ವರ್ಷ ಹೊಳಿ ಏರಿತ್ತೋ, ನಿನಗ ಏರಿತ್ತೋ?” ಎಂದ ಪಕ್ಕದ ಮನೆಯ ನಾಗಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಾಕಾ. ಆಮೇಲೆ ನೀನು ಆ ಬಂಡೆಯ ಕಡೆ ನೋಡಲೇ ಇಲ್ಲ. ಜ್ವರ ಬಂತು, ಹೋಗಿಬಿಟ್ಟೆ.

ಚಿಗವ್ವ ಮೊರ ಕೆಳಗಿಟ್ಟು ಅಂದದ್ದು ಇಷ್ಟು: “ಶುಕ್ರವಾರ ಬಿಟ್ಟ ನಾವು ಹೊಳೆವ್ವಗ ಉಡಿ ತುಂಬಂಗಿಲ್ಲ. ಉಡಿ ತುಂಬೂತನಾ ನಿಮ್ಮ ಕಾಕಾ ಉಳಿ ಹಿಡೀತಿದ್ದಿಲ್ಲ. ಮಂಗಳವಾರ ಏರಿದ ನೀರು ಶುಕ್ರವಾರತನಾ ನಿಲ್ಲತೈತೇನೋ? ಆ ಒಂದ ವರ್ಷ ಶುಕ್ರವಾರನ ಏರಿತ್ತು.”

ಹಾಗಾದರೆ ಆ ಒಂದು ಗೀರೇ ನಿಜ. ಒಪ್ಪಿ ಕೂತ ಹದಿನೆಂಟೂ ಇಳಿದ ನೀರಿನವು. ನಿನಗೆ ಇದು ಗೊತ್ತಿತ್ತೇ? ಅಥವಾ ಹೊಳೆತಾಯಿ ಉಡಿ ಹಿಡಿದ ದಿನದ ನೀರೇ ಆ ವರ್ಷದ ನೀರು ಎಂದು ನಂಬಿದ್ದೆಯೋ...

ಅದೇ ಮಧ್ಯಾಹ್ನ ಚಿಗವ್ವನನ್ನು ಸಾಹೇಬರ ಬಳಿಗೆ ಕರೆದೊಯ್ದೆ. ಓಣಿಯವರೆಲ್ಲ ಕೂತು ಕೇಳಿದರು. ಸಾಹೇಬರು ಎರಡು ಸಲ ಹೇಳಿಸಿಕೊಂಡು, ಆ ಕಾಗದವನ್ನು ಮತ್ತೆ ಹಾಸಿದರು. “ಗೆರಿ ಚೊಲೋ ಕೂತಿತ್ತು. ಕೂತದ್ದು ಶುಕ್ರವಾರದ ನೀರಿನ ಮ್ಯಾಲೆ” ಎಂದರು. ಪಗಡಿ ತೆಗೆದು ಪಕ್ಕಕ್ಕಿಟ್ಟರು. “ಭೀಮಣ್ಣನ್ನ ನಾನು ಸುಳ್ಳಗಾರನ್ನ ಮಾಡಿದೆ.”

ಮರುದಿನ ಬೆಳಿಗ್ಗೆ ನಾಗಪ್ಪ ತನ್ನ ಮನೆಯ ಗೂಟ ಕಿತ್ತು, ಹೆಗಲ ಮೇಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದ. “ವೈನಿ, ಮನಿ ಎಲ್ಲಿ ಕಟ್ಟೂದು, ನೀವ ತೋರಸ್ರಿ.” ಗಂಡ ಸತ್ತವಳು ಮುಂದೆ ನಡೆಯಬಾರದು ಎಂದು ಯಾರೂ ಅನ್ನಲಿಲ್ಲ. ಅವಳು ದಿಬ್ಬ ಹತ್ತಿದಳು. ಹಾರೆ, ಬುಟ್ಟಿ ಹಿಡಿದು ಇಡೀ ಓಣಿ ಹಿಂದೆ ಹತ್ತಿತು. ನೀನು ಕೊರೆದ ಎಲ್ಲಕ್ಕಿಂತ ಮೇಲಿನ ಗೀರಿನ ಮಟ್ಟ ದಾಟಿ “ಇಲ್ಲೆ” ಎಂದು ನಿಂತಳು. ಸಾಹೇಬರು ದುರ್ಬೀನಿನಿಂದ ಮಟ್ಟ ನೋಡಿ, ಕೆಳಗೆ ಹರಿಯುವ ಹೊಳೆಯನ್ನೂ ನೋಡಿದರು.

“ಇನ್ನೊಂದಾಳೆತ್ತರ ಮ್ಯಾಲ ಹೋಗೂಣ್ರಿ ಬಾಯಿ. ನೀವು ಉಡಿ ತುಂಬಿ ಹೋದಮ್ಯಾಲೆ ಆ ಶುಕ್ರವಾರ ಮತ್ತ ಎಷ್ಟ ಏರಿತೋ, ಯಾರಿಗೆ ಗೊತ್ತು?”

ಚಿಗವ್ವನೇ ಮೊದಲು ಹೆಜ್ಜೆ ಎತ್ತಿದಳು, ಕಾಕಾ. ಬುಟ್ಟಿಗಳನ್ನೆತ್ತಿಕೊಂಡು ಇನ್ನೂ ಒಂದಾಳೆತ್ತರ ಮೇಲೆ ಹತ್ತಿದೆವು.