ಇಂಜಿನ್ನಿನ ಗುಂಡಿಯಲ್ಲಿ ಅಪ್ಪನ ಸಾಕೆಟ್

ತಮ್ಮಾ,

ನಿನ್ನೆ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಲು ಹೋಗಿ, ರಾಡಿನ ತುದಿಗೆ ಸಿಕ್ಕಿಸುವ ಅಪ್ಪನ ಸಾಕೆಟ್ಟನ್ನು ಇಂಜಿನ್ನಿನ ಗುಂಡಿಯೊಳಗೇ ಬಿಟ್ಟು, ಬರೀ ರಾಡು ಹಿಡಿದುಕೊಂಡು ಎದ್ದು ಬಂದೆಯಲ್ಲ, ಅದು ಇನ್ನೂ ಅಲ್ಲೇ ಇದೆ. ಎರಡರ ಜೋಡಣೆಗೆ ಟೇಪ್ ಸುತ್ತದೆ ಅಪ್ಪ ಒಂದು ದಿನವೂ ಅದನ್ನು ಒಳಗೆ ಇಳಿಸಿದವರಲ್ಲ. ಬದುಕಿದ್ದಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು.

ಬೆಳಿಗ್ಗೆ ನಾನೂ ಕೈ ಹಾಕಿ ನೋಡಿದೆ. ಸ್ವಲ್ಪ ಅಲುಗಾಡುತ್ತಿದೆ. ನನಗೆ ಡ್ಯೂಟಿಗೆ ಹೊತ್ತಾಯಿತು, ಉಳಿದದ್ದು ನೀನು ಮಾಡು.

ಸುತ್ತಿಗೆ ಮಾತ್ರ ಮುಟ್ಟಬೇಡ, ನಿನ್ನ ದಮ್ಮಯ್ಯ. ಸುತ್ತಲೂ ಎಣ್ಣೆ ಬಿಟ್ಟಿದ್ದೇನೆ, ಇಳಿಯಲಿ. ರಾಡಿನ ತುದಿ ದಪ್ಪವಾಗುವಷ್ಟು ಟೇಪ್ ಸುತ್ತಿ, ಸಾಕೆಟ್ಟಿನ ತೂತಿಗೆ ಬಿಗಿಯಾಗಿ ಕೂರಿಸು. ಆಮೇಲೆ ಅತ್ತಿತ್ತ ಆಡಿಸುತ್ತಾ ನೆಟ್ಟಗೆ ಮೇಲಕ್ಕೆಳೆ. ಅವಸರ ಬೇಡ.

ಇನ್ನೊಂದು ವಿಷಯ. ಅಮ್ಮನಿಗೆ ಹೇಳಬೇಡ, ಹೆದರಿಕೊಳ್ಳುತ್ತಾಳೆ.

ಬೆಳಿಗ್ಗೆ ಶೆಡ್ಡಿನಲ್ಲಿ ಟಾರ್ಚ್ ಹಿಡಿಯಲು ಯಾರೂ ಇರಲಿಲ್ಲ. ಅದನ್ನು ನೆಲದ ಮೇಲಿಟ್ಟು ಎರಡೂ ಕೈ ಒಳಗೆ ಹಾಕಿದೆ. ಆದರೂ ಬೆಳಕು ಗುಂಡಿಯ ಮೇಲೇ ನಿಂತಿತ್ತು. ನನ್ನ ತಲೆ ಅಡ್ಡ ಬಂದಾಗ ತಾನೇ ಸ್ವಲ್ಪ ಸರಿದು ಮತ್ತೆ ಅಲ್ಲಿಗೇ ಬಿತ್ತು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ನೆನಪಿದೆಯಾ, ಚಿಕ್ಕವರಿದ್ದಾಗ ನಾವಿಬ್ಬರೂ ಸರದಿಯ ಮೇಲೆ ಅಪ್ಪನ ಎಡಕ್ಕೆ ನಿಂತು ಟಾರ್ಚ್ ಹಿಡಿಯುತ್ತಿದ್ದೆವು. "ನನ್ನ ಮುಖಕ್ಯಾಕ್ರೋ ಬಿಡ್ತೀರಾ, ಕೆಲಸಕ್ಕೆ ಬಿಡಿ!" ಅಂತ ದಿನಾ ಬೈಗುಳ.

ನೀನು ಶೆಡ್ಡಿಗೆ ಹೋದಾಗ ಎಡಗಡೆ ಸ್ವಲ್ಪ ಜಾಗ ಬಿಟ್ಟು ನಿಂತುಕೋ. ಟಾರ್ಚನ್ನು ನಮಗಿಂತ ಚೆನ್ನಾಗಿ ಹಿಡಿಯುತ್ತಾರೆ.

ಅಕ್ಕ