ಜೂನ್ ಒಂದು

ಅಪ್ಪಾ,

ಇವತ್ತು ಹಿಪ್ಪರಗಿಯ ಶಾಲೆಯಲ್ಲಿ ಏಳನೆಯ ತರಗತಿಗೆ ಹಳೆಯ ಜಪಾನಿನ ಅರಮನೆಯ ಸಂಗತಿ ಹೇಳಿದೆ. ಅಲ್ಲಿ ಯಾರೂ ಹುಟ್ಟಿದ ದಿನದಿಂದ ವಯಸ್ಸು ಎಣಿಸುತ್ತಿರಲಿಲ್ಲ. ಹೊಸ ವರ್ಷದ ದಿನ ಚಕ್ರವರ್ತಿಯಿಂದ ದಾಸಿಯವರೆಗೆ ಎಲ್ಲರಿಗೂ ಒಟ್ಟಿಗೇ ಒಂದು ವರ್ಷ ಕೂಡುತ್ತಿತ್ತು.

"ನಮ್ಮಂಗ ಬಿಡ್ರಿ ಟೀಚರ್, ನಮಗೂ ಎಲ್ಲಾರಿಗೂ ಜೂನ್ ಒಂದ," ಎಂದಳು ಶೀತಲ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನನ್ನನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ಹುಟ್ಟಿದ ತಾರೀಖು ಕೇಳಿದರು. "ಹೆಣ್ಣ ಹುಡುಗೀದ ಯಾರ ನೆನಪ ಇಡ್ತಾರ್ರಿ, ಜೂನ್ ಒಂದ ಬರ್ಕೋರಿ," ಎಂದೆ ನೀನು. ಕುರಿ ಈದ ದಿನಗಳನ್ನು ಮಾತ್ರ ನೀನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದೂ ತಪ್ಪದೆ ಬರೆಯುತ್ತಿದ್ದೆ.

ನೀನು ಸತ್ತ ದಿನವನ್ನು ಯಾರೂ ಮರೆಯುವಂತಿಲ್ಲ. ಅದೇ ಗೋಡೆಯ ಕ್ಯಾಲೆಂಡರಿನಲ್ಲಿ, ನಿನ್ನ ಕುರಿಗಳ ತಾರೀಖಿನ ಕೆಳಗೆ, ನಾನೇ ಬರೆದಿದ್ದೇನೆ. ಗಂಟೆ, ನಿಮಿಷ ಸಹಿತ.