ಪಾದರಸದ ಬಲಗೈ

ಅಕ್ಟೋಬರ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡೂ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಕೈ ಹಿಂದೇಟು ಹಾಕುತ್ತಿತ್ತು. ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲೂ ನಿನ್ನ ಕಾಫಿಗೆ ಹೆಸರಿಡುತ್ತಾರಾ?

ನೀನು 'ಪಾದರಸ' ಎನ್ನುತ್ತಿದ್ದ ನನ್ನ ಮಗಳ ಸುದ್ದಿ ಹೇಳಬೇಕು. ಹದಿನೈದು ತುಂಬಿದರೂ ಕೂತಲ್ಲಿ ಕೂರದೆ, ಹಿಡಿದ ಕೆಲಸ ಮುಗಿಸದೆ, ಶಾಲೆಯಲ್ಲಿ ಸೋಮಾರಿ ಎನ್ನಿಸಿಕೊಳ್ಳುತ್ತಿದ್ದಳಲ್ಲ, ಅದು ಎಡಿಎಚ್‌ಡಿ ಎಂದರು ಡಾಕ್ಟರ್. "ಅವಳು ಬೇಕಂತ ಮಾಡ್ತಿಲ್ಲಮ್ಮ. ಅವಳ ಗಮನ ಅವಳ ಮಾತೇ ಕೇಳಲ್ಲ," ಎಂದು ಬಿಡಿಸಿ ಹೇಳಿದರು. ಅವಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. "ಹಾಗಾದ್ರೆ ನಾನು ಕೆಟ್ಟವಳಲ್ವಾ?"

ಬೆಳಗ್ಗೆ ಒಂದು ಮಾತ್ರೆ, ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಅದೇ ಹುಡುಗಿ, ಅದೇ ಬಾಯಿ. ಆದರೆ ಪಾಠವನ್ನು ಕೊನೆಯವರೆಗೆ ಓದತೊಡಗಿದಳು. ನಮ್ಮ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಚಿತ್ತಾರ ಬಿಡಿಸಲು ಕಲಿತಳು. ಒಬ್ಬ ಅಜ್ಜಿಯ ಕೇಕಿಗೆ ಹೂಬಳ್ಳಿ ಹಬ್ಬಿಸಿದ್ದಳು. ಚಾಕು ಹಾಕಲು ಅಜ್ಜಿ ಸುತರಾಂ ಒಪ್ಪಲಿಲ್ಲವಂತೆ!

ಅವಳಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ಮಾತ್ರೆಯಿಂದ ಅವಳ ಹಸಿವು ಕಡಿಮೆಯಾಗಿತ್ತು. "ಊರಿಗೆಲ್ಲ ತಿನ್ನಿಸ್ತೀನಿ, ನನ್ನ ಮಗಳ ತಟ್ಟೆ ಹಾಗೇ ಇರುತ್ತೆ," ಎಂದು ಗೊಣಗುತ್ತಿದ್ದರು. "ಡಾಕ್ಟರಿಗೆ ಹೇಳೋಣ, ಏನಾದ್ರೂ ಮಾಡ್ತಾರೆ," ಎಂದಿದ್ದೆ.

ಕಳೆದ ತಿಂಗಳು ಒಂದು ಬೆಳಗ್ಗೆ ಹಿಟ್ಟು ಕಲಸುವ ಯಂತ್ರ ತಿರುಗುತ್ತಿತ್ತು. ಒಳಗೆ ಚಮಚ ಬಿತ್ತು. ಇವಳು ಹಿಂದೆಮುಂದೆ ನೋಡದೆ ಕೈ ಹಾಕಿಬಿಟ್ಟಳು. ಸ್ವಿಚ್ಚು ಪಕ್ಕದಲ್ಲೇ ಇತ್ತು, ಅಕ್ಕ. ಬಲಗೈಯ ಮೂರು ಬೆರಳು ಹೋದವು. ಯಂತ್ರ ನಿಲ್ಲಿಸಿ ಕೈ ಬಿಡಿಸಿದ್ದು ಅವಳಪ್ಪನೇ. ಅವತ್ತಿನಿಂದ ಅವರು ಹಿಟ್ಟು ಮುಟ್ಟಿಲ್ಲ. ಬೇಕರಿ ಮುಚ್ಚಿದೆ.

ಆಸ್ಪತ್ರೆಗೆ ಬಂದ ಅವಳ ಡಾಕ್ಟರ್, ಮಾತ್ರೆ ತಗೊಳ್ತಿದ್ಯಾ ಎಂದು ಕೇಳಿದರು. "ಒಂದು ವಾರದಿಂದ ಇಲ್ಲ. ನಾನೇ ಮರೆತೆ," ಎಂದಳು. ತಗೊಂಡಿದ್ದರೆ ತಪ್ಪುತ್ತಿತ್ತೇ ಎಂದು ನಾನು ಕೇಳಿದರೆ, "ಖಂಡಿತ ಅಂತ ಹೇಳೋಕಾಗಲ್ಲಮ್ಮ. ತಪ್ಪಬಹುದಿತ್ತು," ಎಂದರು. ಆ 'ಬಹುದಿತ್ತು' ನನ್ನನ್ನು ತಿನ್ನುತ್ತಿದೆ.

ಈಗ ಮಾತ್ರೆ ಮತ್ತೆ ಶುರುವಾಗಿದೆ. ಪ್ರಮಾಣ ಬದಲಾಯಿಸಿದ ಮೇಲೆ ಊಟ ಸೇರುತ್ತಿದೆ. ಎಡಗೈಯಲ್ಲಿ ಅಕ್ಷರ ತಿದ್ದುತ್ತಾಳೆ, ಕೊಕ್ಕರೆ ಕಾಲಿನಂಥ ಅಕ್ಷರ.

ನಿನ್ನ ಮನೆ ತಣ್ಣಗಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ

ತಾ.ಕ.: ಅವಳು ಮರೆತಿರಲಿಲ್ಲ, ಅಕ್ಕ. ನಿನ್ನೆ ತಲೆ ಬಾಚುವಾಗ ಬಾಯಿಬಿಟ್ಟಳು. ಮಾತ್ರೆಗಳನ್ನು ಅವಳಪ್ಪನೇ ತೆಗೆದಿಟ್ಟಿದ್ದರಂತೆ. "ಸ್ವಲ್ಪ ದಿನ ಬಿಟ್ಟು ನೋಡೋಣ ಮಗಳೇ, ಹೊಟ್ಟೆ ತುಂಬ ತಿನ್ನು. ಅಮ್ಮನಿಗೆ ಹೇಳ್ಬೇಡ." ಹಾಗಿದ್ರೆ ಮರೆತೆ ಅಂತ ಸುಳ್ಳು ಯಾಕೆ ಹೇಳಿದೆ ಎಂದೆ. "ನಾನು ಮರೆತೆ ಅಂದ್ರೆ ಎಲ್ಲರೂ ನಂಬ್ತಾರಮ್ಮ. ಅಪ್ಪನ್ನ ಯಾರು ಕ್ಷಮಿಸ್ತಾರೆ?" ಎಂದಳು. ಅವಳು ಡಾಕ್ಟರಿಗೆ ಹಾಗೆ ಹೇಳುವಾಗ ಅವಳಪ್ಪ ಮಂಚದ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಅದನ್ನು ನಾನು ಬರೀ ದುಃಖ ಎಂದುಕೊಂಡಿದ್ದೆ.